ಹಲವು ವರ್ಷಗಳ ನಂತರ ಮತ್ತೆ ಬೈಕ್: ಸಿಬಿಆರ್ 250ಆರ್ ಕೊಳ್ಳಲೋ, ಆರ್‌ಸಿ 390 ಕೊಳ್ಳಲೋ?

ಗದಗಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ವಯಸ್ಸು ನಲವತ್ತೊಂದು, ಎತ್ತರ ಐದು ಅಡಿ ಮೂರು ಇಂಚು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಅಣ್ಣನ ಯಮಹಾ ಆರ್‌ಎಕ್ಸ್ 100 ಬೈಕ್ ಹೆಚ್ಚಾಗಿ ನನ್ನ ಕೈಯಲ್ಲೇ ಇರುತ್ತಿತ್ತು. ಮದುವೆ, ಮಕ್ಕಳು, ಕೆಲಸ ಎಂದು ಗೇರ್ ಬೈಕ್ ಬಿಟ್ಟು ಹನ್ನೆರಡು ವರ್ಷಗಳ ಮೇಲಾಯಿತು. ಈಗ ಓಡಿಸುತ್ತಿರುವುದು ಸ್ಕೂಟರ್.

ನನಗೆ ಬೇಕಿರುವುದು ಮುಂದಕ್ಕೆ ಬಾಗಿ ಕುಳಿತು ಓಡಿಸುವ, ಫೇರಿಂಗ್ (ಮುಂಭಾಗ, ಎಂಜಿನ್ ಮುಚ್ಚುವ ಹೊದಿಕೆ) ಇರುವ ಬೈಕು. ಈ ವಯಸ್ಸಿಗೆ ಆರಾಮದ ಬೈಕ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದ್ದಾರೆ. ಅದನ್ನು ಬಿಟ್ಟು ಬೇರೆ ಸಲಹೆ ಕೊಡಿ ಎಂದು ವಿನಂತಿ.

ಸದ್ಯ ಎರಡು ಕಣ್ಣಿಗೆ ಬಿದ್ದಿವೆ. ಧಾರವಾಡದಲ್ಲಿ 2014ರ ಹೋಂಡಾ ಸಿಬಿಆರ್ 250ಆರ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಗಕ್ಕನೆ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇದೆ ಎನ್ನುತ್ತಾರೆ, ಎರಡನೇ ಮಾಲೀಕರು, 31,000 ಕಿ.ಮೀ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ 2017ರ ಕೆಟಿಎಂ ಆರ್‌ಸಿ 390, ಮೂರನೇ ಮಾಲೀಕರು, 14,000 ಕಿ.ಮೀ. ಭಾನುವಾರ ಬೆಳಿಗ್ಗೆ ಗದಗಿನಿಂದ ಧಾರವಾಡದ ತವರಿಗೆ ಹೋಗಿ ಬರುವುದು, ಬಿಡುವಿದ್ದಾಗ ರೋಣದ ಕಡೆ ಒಂದು ಸುತ್ತು, ಇಷ್ಟೇ ನನ್ನ ಬಳಕೆ. ಯಾವುದನ್ನು ನೋಡಲಿ? ನೋಡುವಾಗ ಏನೇನು ಪರೀಕ್ಷಿಸಲಿ?

ವಿದ್ಯಾಗಿರಿ ಸವಾರ

ಅಕ್ಕಾ, ನನ್ನ ಮತ ಆರ್‌ಸಿ 390ಗೆ. 373 ಸಿಸಿ, 43 ಬಿಎಚ್‌ಪಿ. ಆ ಬೆಲೆಗೆ ಅಷ್ಟು ಎಳೆತ ಕೊಡುವ ಬೇರೆ ಬೈಕಿಲ್ಲ. 2017ರ ಮಾದರಿಯಲ್ಲಿ ಮುಂದಿನ ಬ್ರೇಕ್ ಡಿಸ್ಕನ್ನು 300ರಿಂದ 320 ಮಿಲಿಮೀಟರಿಗೆ ಹಿಗ್ಗಿಸಿದ್ದಾರೆ. ತಿರುವಿನಲ್ಲಿ ಅದು ಮಲಗಿ ಏಳುವ ಚಂದವನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ಆದರೆ ಸೀಟು ಎತ್ತರವಾಗಿದೆ. ನಿಮಗೆ ತುದಿಗಾಲೇ ಗತಿ. ಹ್ಯಾಂಡಲ್ ಬಹಳ ಕೆಳಗಿದೆ. ಚೆನ್ನಮ್ಮ ವೃತ್ತದ ದಟ್ಟಣೆಯಲ್ಲಿ ಹತ್ತು ನಿಮಿಷ ಸಿಕ್ಕಿಬಿದ್ದರೆ ಮಣಿಕಟ್ಟು ನೋಯುತ್ತದೆ, ತೊಡೆಗೆ ಎಂಜಿನ್ ಬಿಸಿ ತಟ್ಟುತ್ತದೆ. ಇದನ್ನು ಒಪ್ಪಿಕೊಂಡೇ ತೆಗೆದುಕೊಳ್ಳಿ.

ತಾರಿಹಾಳ ಲೇತ್

ಮೇಡಂ, ನಾನು ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವವನು. ಲೋಹ ಎಲ್ಲಿ ಎಷ್ಟು ಸವೆದಿದೆ ಎಂದು ನೋಡುವುದೇ ನನ್ನ ದಿನದ ಕೆಲಸ. ಮಗಳು ಹುಟ್ಟಿದಾಗ ಬೈಕ್ ಮಾರಿ, ಅವಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಹತ್ತಿದವನು ನಾನು. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು.

ಸಿಸಿ, ಬಿಎಚ್‌ಪಿ ಲೆಕ್ಕವನ್ನು ಸದ್ಯ ಬದಿಗಿಡಿ. ಬಿಟ್ಟು ಹಿಡಿಯುವವರಿಗೆ ಬ್ರೇಕ್ ಮೊದಲು, ಎಂಜಿನ್ ಆಮೇಲೆ. ಆರ್‌ಎಕ್ಸ್ 100ಕ್ಕೆ ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಬ್ರೇಕ್. ಬಲವಾಗಿ ಹಿಂಡಿದರೂ ಮೆಲ್ಲಗೆ ಕಚ್ಚುತ್ತಿತ್ತು. ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿರುತ್ತದೆ. ಡಿಸ್ಕನ್ನು ಅದೇ ಬಲದಿಂದ ಹಿಂಡಿದರೆ ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಮುಂದಿನ ಚಕ್ರ ಗಕ್ಕನೆ ನಿಂತು ಜಾರುತ್ತದೆ. ಎಬಿಎಸ್ ಇಲ್ಲದ ಬೈಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೆ ಮೊದಲು ಸಿಬಿಆರ್ ಎಬಿಎಸ್ ಇರುವುದೂ ಇಲ್ಲದ್ದೂ ಎರಡೂ ಮಾರಾಟವಾಗಿವೆ. ಆದ್ದರಿಂದ ಬಾಯಿಮಾತನ್ನು ನಂಬಬೇಡಿ. ಮುಂದಿನ ಡಿಸ್ಕಿನ ಒಳಬದಿಯಲ್ಲಿ ಸೀಳು ಸೀಳಾದ ತೆಳ್ಳನೆಯ ಸೆನ್ಸರ್ ಉಂಗುರ ಕಾಣಬೇಕು. ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಬೇಕು, ಬೈಕ್ ತುಸು ಚಲಿಸಿದೊಡನೆ ಆರಬೇಕು. ಹೊತ್ತುವುದೇ ಇಲ್ಲವಾದರೆ ದೋಷ ಮುಚ್ಚಿಡಲು ಯಾರೋ ದೀಪವನ್ನೇ ಕಿತ್ತಿರಬಹುದು.

ಇನ್ನು ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕೊಳವೆಗಳು. ಹೊಳೆಯುವ ಕೊಳವೆಯನ್ನು ಮೊದಲು ಬಟ್ಟೆಯಿಂದ ಒರೆಸಿ. ಹೆಬ್ಬೆರಳಿನ ಉಗುರನ್ನು ಅದರ ಮೇಲಿನಿಂದ ಕೆಳಕ್ಕೆ, ಸುತ್ತ ನಾಲ್ಕೂ ಕಡೆ, ನಿಧಾನವಾಗಿ ಎಳೆಯಿರಿ. ಎಲ್ಲಾದರೂ ಉಗುರು ತಡೆದರೆ ಅಲ್ಲಿ ಕ್ರೋಮ್ ಎದ್ದು ತುಕ್ಕಿನ ಗುಳಿ ಬಿದ್ದಿದೆ. ಕಣ್ಣಿಗೆ ಸಾಸಿವೆಯಷ್ಟೂ ಕಾಣದ ಗುಳಿ ಉಗುರಿಗೆ ಸಿಗುತ್ತದೆ. ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಹೊಸದಾಗಿ ಹಾಕಿದರೂ ಆ ಗುಳಿ ಸೀಲಿನ ತುಟಿಯನ್ನು ಕೆಲವೇ ತಿಂಗಳಲ್ಲಿ ಹರಿದುಹಾಕುತ್ತದೆ. ಕೊಳವೆ ನುಣುಪಾಗಿದ್ದು ಎಣ್ಣೆಯ ಗೆರೆ ಮಾತ್ರ ಕಂಡರೆ ಹೆದರಬೇಡಿ, ಸೀಲ್ ಬದಲಿಸಿದರೆ ಮುಗಿಯಿತು. ಸಿಬಿಆರ್‌ನಲ್ಲಿ ಈ ಕೊಳವೆ ಮೇಲಿರುತ್ತದೆ. ಆರ್‌ಸಿಯಲ್ಲಿ ಫೋರ್ಕ್ ತಲೆಕೆಳಗು, ಕೊಳವೆ ಚಕ್ರದ ಪಕ್ಕದಲ್ಲೇ ಇದ್ದು ಕಲ್ಲು, ಕೆಸರು ನೇರವಾಗಿ ಸಿಡಿಯುತ್ತವೆ. ಅಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿ.

ಬಿದ್ದ ಬೈಕಿಗೆ ಹೊಸ ಫೇರಿಂಗ್ ಹಾಕಿ ಕೂರಿಸುವುದು ಸುಲಭ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದಾಗ ಅದನ್ನು ತಡೆಯುವ ಸಣ್ಣ ಲೋಹದ ಗುಬುಟು ಚಾಸಿಯ ಕುತ್ತಿಗೆಯ ಕೆಳಗಿದೆ. ಜೋರಾಗಿ ಬಿದ್ದ ಬೈಕಿನಲ್ಲಿ ಅದು ಜಜ್ಜಿರುತ್ತದೆ ಇಲ್ಲವೇ ಅದಕ್ಕೆ ಹೊಸ ಬಣ್ಣ ಬಳಿದಿರುತ್ತಾರೆ. ಇಬ್ಬರು ಸೇರಿ ಮುಂದಿನ ಚಕ್ರವನ್ನು ಎತ್ತಿ ಹ್ಯಾಂಡಲ್ ತಿರುಗಿಸಿ. ನಟ್ಟನಡುವೆ ಕಟ್ ಎಂದು ಕೂತಂತಾದರೆ ಹ್ಯಾಂಡಲಿನ ಬೇರಿಂಗ್ ಹೋಗಿದೆ.

ಮೀಟರನ್ನು ನಂಬುವ ಮುನ್ನ ಡಿಸ್ಕಿನ ಅಂಚನ್ನು ಮುಟ್ಟಿ. ಪ್ಯಾಡ್ ಉಜ್ಜುವ ಜಾಗ ತಗ್ಗಾಗಿ ಅಂಚು ಕೈಗೆ ತಾಗುವಂತಿದ್ದರೆ ಅದು 14,000 ಕಿ.ಮೀ. ಓಡಿದ ಡಿಸ್ಕಲ್ಲ. ಕನಿಷ್ಠ ದಪ್ಪ ಎಷ್ಟಿರಬೇಕು ಎಂಬುದನ್ನು ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದ ಟೈರು. ಹಲ್ಲು ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಎರಡು ಟೈರುಗಳ ದುಡ್ಡನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಮುಂಚಿತವಾಗಿ ಫೋನ್ ಮಾಡಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿ. ಹೋದೊಡನೆ ಎಂಜಿನ್ನಿನ ಹತ್ತಿರ ಅಂಗೈ ಹಿಡಿಯಿರಿ. ಆಗಲೇ ಬಿಸಿಯಾಗಿದ್ದರೆ ತಣ್ಣನೆಯ ಎಂಜಿನ್ ಮಾಡುವ ಸದ್ದನ್ನು ಅವರು ನಿಮ್ಮ ಕಿವಿಗೆ ಬೀಳಿಸಲು ಇಷ್ಟಪಡುತ್ತಿಲ್ಲ.

ನನ್ನ ಒಲವು ಸಿಬಿಆರ್ ಕಡೆ. ಸೀಟು 784 ಮಿಲಿಮೀಟರ್, ಪಾದ ನೆಲಕ್ಕೆ ಊರುತ್ತದೆ. 2020ರಿಂದ ಅದು ಮಾರುಕಟ್ಟೆಯಲ್ಲಿಲ್ಲ, ಆದ್ದರಿಂದ ಫೇರಿಂಗ್ ಒಡೆದಿದ್ದರೆ ಬಿಡಿಭಾಗಕ್ಕೆ ಕಾಯಬೇಕಾಗುತ್ತದೆ. ಫೇರಿಂಗಿನ ಕೊಂಡಿಗಳೆಲ್ಲ ಸರಿಯಾಗಿವೆಯೇ ನೋಡಿಕೊಳ್ಳಿ.

ಹಾವೇರಿ ವಕೀಲ

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಚಾಸಿ ಸಂಖ್ಯೆ ಹ್ಯಾಂಡಲಿನ ಕುತ್ತಿಗೆಯ ಮೇಲೆ ಇರುತ್ತದೆ. ಅದನ್ನೂ ಎಂಜಿನ್ ಸಂಖ್ಯೆಯನ್ನೂ ನೋಂದಣಿ ಪುಸ್ತಕದೊಂದಿಗೆ (ಆರ್‌ಸಿ ಬುಕ್) ಅಕ್ಷರ ಅಕ್ಷರ ಹೋಲಿಸಿ. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ಸಾಲದ ಮೇಲೆ ಕೊಂಡ ಬೈಕಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಬಾಕಿ ದಂಡ ಇದೆಯೇ ಎಂದು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. 2014ರ ಬೈಕಿನ ನೋಂದಣಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು. ವಿಮೆಯ ನೋ ಕ್ಲೇಮ್ ರಿಯಾಯಿತಿ ಮಾರುವವರದ್ದು, ಅದು ನಿಮಗೆ ಬರುವುದಿಲ್ಲ.

ನಿಮ್ಮ ಚಾಲನಾ ಪರವಾನಗಿಯ ದಿನಾಂಕವನ್ನೂ ನೋಡಿಕೊಳ್ಳಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು.

ಗದಗಿನ ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ಪರವಾನಗಿ 2024ರಲ್ಲೇ ನವೀಕರಣವಾಗಿದೆ. ಅಣ್ಣನೊಂದಿಗೆ ಹೋಗಿ ಎರಡನ್ನೂ ನೋಡಿ ಬಂದೆ.

ಆರ್‌ಸಿ 390 ನಾವು ಹೋಗುವಷ್ಟರಲ್ಲಿ ಬಿಸಿಯಾಗಿತ್ತು. ಡಿಸ್ಕಿನ ಅಂಚು ಬೆರಳಿಗೆ ಚೆನ್ನಾಗಿಯೇ ತಾಗಿತು. ಚಾಸಿಯೆಲ್ಲ ಮಾಸಿದ್ದರೂ ಕುತ್ತಿಗೆಯ ಕೆಳಗಿನ ಗುಬುಟು ಮಾತ್ರ ಹೊಸ ಬಣ್ಣದಲ್ಲಿ ಮಿರುಗುತ್ತಿತ್ತು. ಮಾಲೀಕರಿಗೆ ನಮಸ್ಕಾರ ಹೇಳಿ ಬಂದೆವು.

ಸಿಬಿಆರ್‌ನ ಮಾಲೀಕರು ನಿವೃತ್ತ ಬ್ಯಾಂಕ್ ಉದ್ಯೋಗಿ. ಸರ್ವಿಸ್ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದಾರೆ. ಎಬಿಎಸ್ ದೀಪ ಹೊತ್ತಿತು, ಆರಿತು. ತಣ್ಣನೆಯ ಎಂಜಿನ್ ಒಂದೇ ಒತ್ತಿಗೆ ಶುರುವಾಯಿತು. ಎಡ ಫೋರ್ಕಿನಲ್ಲಿ ಎಣ್ಣೆಯ ಗೆರೆ ಇದೆ, ಆದರೆ ಉಗುರು ಎಲ್ಲಿಯೂ ತಡೆಯಲಿಲ್ಲ. ಟೈರಿನ ಮೇಲೆ 0916 ಎಂದಿತ್ತು. ಅದನ್ನು ತೋರಿಸಿದಾಗ ಅವರೇ ಹನ್ನೆರಡು ಸಾವಿರ ಇಳಿಸಿದರು. ಮುಂಗಡ ಕೊಟ್ಟಿದ್ದೇನೆ. ನವಲೂರಿನವರೆಗೆ ಓಡಿಸಿ ನೋಡಿದಾಗ ಆರನೇ ಗೇರಿನಲ್ಲಿ ಅದು ನಿರಾಳವಾಗಿ ಸಾಗಿದ್ದನ್ನು ಕಂಡು ಎದೆ ತುಂಬಿ ಬಂತು.

ಇನ್ನು ಗದಗ–ಹುಬ್ಬಳ್ಳಿ ರಸ್ತೆಗೆ ಇಳಿಯುವ ಮೊದಲು ಏನು ಅಭ್ಯಾಸ ಮಾಡಲಿ, ಸರ್?

ತಾರಿಹಾಳ ಲೇತ್

ಒಳ್ಳೆಯ ಬೈಕ್ ಆರಿಸಿದ್ದೀರಿ ಮೇಡಂ. ಮೊದಲು ಟೈರ್, ಬ್ರೇಕ್ ಎಣ್ಣೆ, ಫೋರ್ಕ್ ಸೀಲ್. ಇವು ಮೂರೂ ಆಗುವವರೆಗೆ ಊರಿನಾಚೆ ಹೋಗಬೇಡಿ. ಅಟ್ಟದ ಮೇಲೆ ಹಳೆಯ ಹೆಲ್ಮೆಟ್ ಇದ್ದರೆ ಅದನ್ನು ಮರೆತುಬಿಡಿ, ಒಳಗಿನ ಫೋಮ್‌ಗೂ ವಯಸ್ಸಾಗಿರುತ್ತದೆ. ಐಎಸ್‌ಐ ಗುರುತಿನ, ಗದ್ದ ಮುಚ್ಚುವ ಹೊಸದನ್ನು ಕೊಳ್ಳಿ.

ಬೆಳಗಿನ ಹೊತ್ತು ಖಾಲಿ ಮೈದಾನದಲ್ಲಿ ಬರೀ ಬ್ರೇಕ್ ಅಭ್ಯಾಸ ಮಾಡಿ. ಮೊದಲು 30ರ ವೇಗದಿಂದ, ಆಮೇಲೆ 50ರಿಂದ. ಮುಂದಿನ ಬ್ರೇಕನ್ನು ಎರಡು ಬೆರಳಿನಿಂದ ಮೊದಲು ಹಗುರವಾಗಿ ಹಿಡಿದು, ಫೋರ್ಕ್ ತಗ್ಗಿದ್ದು ಗೊತ್ತಾದ ಮೇಲೆ ಒತ್ತಡ ಹೆಚ್ಚಿಸಿ. ಮೈಭಾರ ಅಂಗೈ ಮೇಲೆ ಬೀಳದಂತೆ ಮೊಣಕಾಲಿನಿಂದ ಟ್ಯಾಂಕನ್ನು ಅಪ್ಪಿಕೊಳ್ಳಿ. ನಿಮ್ಮ ಬೈಕಿನಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಡಿಸ್ಕಿಗೂ ಸ್ವಲ್ಪ ಬಲ ಹೋಗುತ್ತದೆ, ಆ ಅನುಭವಕ್ಕೂ ಕಾಲು ಪಳಗಬೇಕು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿನಡಿ ಅದುರುತ್ತದೆ. ಗಾಬರಿಯಿಂದ ಬಿಟ್ಟುಬಿಡಬೇಡಿ, ಹಿಡಿದೇ ಇರಿ.

ಅಣ್ಣಿಗೇರಿಯ ಆಚೀಚೆ ಮಳೆ ಬಿದ್ದ ಮರುದಿನ ಟ್ರ್ಯಾಕ್ಟರುಗಳು ಹೊಲದಿಂದ ಎರೆಮಣ್ಣನ್ನು ಡಾಂಬರಿಗೆ ಎಳೆದು ತರುತ್ತವೆ. ಕಪ್ಪು ರಸ್ತೆಯ ಮೇಲೆ ಕಪ್ಪು ಮಣ್ಣು ದೂರದಿಂದ ಕಾಣುವುದಿಲ್ಲ. ಹೊಲದ ದಾರಿ ಕೂಡುವ ಕಡೆಯಲ್ಲೆಲ್ಲ ಮೊದಲೇ ವೇಗ ತಗ್ಗಿಸಿ, ಮಣ್ಣಿನ ಮೇಲೆ ಬ್ರೇಕ್ ಮುಟ್ಟದೆ ನೆಟ್ಟಗೆ ದಾಟಿ. ಆಷಾಢದ ಪಡುವಣ ಗಾಳಿ ಹುಬ್ಬಳ್ಳಿಗೆ ಬರುವಾಗ ನಿಮಗೆ ಎದುರಾಗುತ್ತದೆ, ಅಷ್ಟೇನೂ ತೊಂದರೆಯಿಲ್ಲ. ರೋಣದ ದಾರಿಯಲ್ಲಿ ಅದೇ ಗಾಳಿ ಎಡಗಡೆಯಿಂದ ಫೇರಿಂಗಿಗೆ ಹೊಡೆಯುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಬೈಕ್ ತೂಗಾಡುತ್ತದೆ, ಕೈ ಸಡಿಲ ಬಿಡಿ. ಧಾರವಾಡಕ್ಕೆ ಹೋಗುವಾಗ ಬೈಪಾಸ್ ಬೇಡ, ಅಲ್ಲಿ ಲಾರಿಗಳ ಕಾಟ. ಉಣಕಲ್ ಮೇಲೆ ಊರೊಳಗಿನ ರಸ್ತೆಯಲ್ಲೇ ಸಾಗಿ. ಚಿಗರಿ ಬಸ್ಸಿಗೆಂದೇ ಮೀಸಲಾದ ಪಥದೊಳಗೆ ಮಾತ್ರ ನುಗ್ಗಬೇಡಿ.

ಫೋರ್ಕ್ ಸೀಲಿಗೆ ಎಲ್ಲಿಗೂ ಅಲೆಯಬೇಡಿ. ಸಿಬಿಆರ್‌ನ 37 ಮಿಲಿಮೀಟರ್ ಕೊಳವೆಗೆ ಸೀಲ್ ಕೂರಿಸುವ ಉಪಕರಣವನ್ನು ಲೇತಿನಲ್ಲಿ ನಾನೇ ಮಾಡಿಕೊಂಡಿದ್ದೇನೆ. ಎರಡೂ ಕಡೆಯ ಸೀಲು, ಡಸ್ಟ್ ಕವರು, ಫೋರ್ಕ್ ಆಯಿಲ್ ತಂದುಬಿಡಿ. ರಜೆಯ ದಿನ ಬೆಳಿಗ್ಗೆ ಬಂದರೆ ಮಧ್ಯಾಹ್ನದ ಊಟದೊಳಗೆ ಮುಗಿಸಿ ಕೊಡುತ್ತೇನೆ.