ಪ್ರಶ್ನೋತ್ತರ: ಅತ್ಯಾಚಾರ ಸಂತ್ರಸ್ತೆಯ ತುರ್ತು ಚಿಕಿತ್ಸೆ ಮತ್ತು ಆಸ್ಪತ್ರೆಯ ಹೊಣೆ

ಶುಶ್ರೂಷಕಿ: ನಮಸ್ಕಾರ ಡಾಕ್ಟರ್. ನಾನು ಕೆಲಸ ಮಾಡುವ ಖಾಸಗಿ ಆಸ್ಪತ್ರೆಗೆ ನಿನ್ನೆ ರಾತ್ರಿ ಅತ್ಯಾಚಾರಕ್ಕೊಳಗಾದ ಹತ್ತೊಂಬತ್ತರ ಯುವತಿ ಬಂದಿದ್ದಳು. ‘ಇದು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ), ಠಾಣೆಯಿಂದ ಪತ್ರ ತನ್ನಿ’ ಎಂದು ಆಡಳಿತದವರು ಹಿಂದಕ್ಕೆ ಕಳುಹಿಸಿದರು. ಆಕೆಗೆ ದೂರು ಕೊಡುವ ಮನಸ್ಸಿಲ್ಲ. ನನ್ನ ಬಳಿ ಆಕೆಯ ಫೋನ್ ಸಂಖ್ಯೆ ಇದೆ.

ವೈದ್ಯೆ: ಈಗಲೇ ಕರೆ ಮಾಡಿ, ಇಂದೇ ಆಸ್ಪತ್ರೆಗೆ ಬರಲು ಹೇಳಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಕೊಡಬೇಕು. ಗರ್ಭನಿರೋಧಕ ತುರ್ತು ಮಾತ್ರೆಯೂ ಬೇಗ ಕೊಟ್ಟಷ್ಟೂ ಹೆಚ್ಚು ಫಲಕಾರಿ. ಸ್ನಾನ ಮಾಡಿದ್ದರೂ ಬರಲಿ, ಧರಿಸಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ತರಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಂದು ಆಸ್ಪತ್ರೆಯೂ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಆಸ್ಪತ್ರೆಯ ಉಸ್ತುವಾರಿ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಪೊಲೀಸರಿಗೆ ತಿಳಿಸಬೇಕಾದದ್ದು ಆಸ್ಪತ್ರೆ. ಆಕೆ ದೂರು ಬೇಡವೆಂದರೆ, ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಆ ನಿರಾಕರಣೆಯನ್ನು ಬರೆದಿಡಬೇಕೇ ಹೊರತು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ. ನಿಮ್ಮ ಆಡಳಿತದವರಿಗೆ ಇದನ್ನು ಲಿಖಿತವಾಗಿಯೇ ಕೊಡಿ.

ಸದಸ್ಯ 1: ಎಫ್‌ಐಆರ್ ಇಲ್ಲದೆ ವೈದ್ಯರು ಪರೀಕ್ಷಿಸಬಹುದೇ?

ವೈದ್ಯೆ: ಆಕೆಯ ಒಪ್ಪಿಗೆಯಿದ್ದರೆ ಪರೀಕ್ಷಿಸಬಹುದು.

ಸದಸ್ಯೆ 2: ಪಪ್ಪಾಯಿ ಬೀಜ ಮತ್ತು ಎಳ್ಳಿನ ಕಷಾಯ ಮೂರು ದಿನ ಕುಡಿದರೆ ಗರ್ಭ ನಿಲ್ಲುವುದಿಲ್ಲವೆಂಬ ಸಂದೇಶ ಬಂದಿದೆ. ಆಸ್ಪತ್ರೆಗೆ ಹೋಗಲು ಹೆದರುವವರಿಗೆ ಉಪಯೋಗವಾದೀತೇ?

ವೈದ್ಯೆ: ಆಗುವುದಿಲ್ಲ. ಕಷಾಯ ನಂಬಿ ಕೂತರೆ ಆ 72 ಗಂಟೆಗಳು ಕಳೆದುಹೋಗುತ್ತವೆ. ದಯವಿಟ್ಟು ಇದನ್ನು ಯಾರಿಗೂ ಕಳುಹಿಸಬೇಡಿ.

ಸದಸ್ಯೆ 3: ಪರಿಹಾರಧನಕ್ಕೆ ಎಲ್ಲಿ ಅರ್ಜಿ ಹಾಕಬೇಕು?

ಸದಸ್ಯ 4: ಸುಳ್ಳು ದೂರುಗಳೂ ಇರುತ್ತವೆ. ಮೊದಲು ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡಿದರೆ ನಿಜ ತಿಳಿಯುತ್ತದೆಯಲ್ಲವೇ?

ವಕೀಲೆ: ಮಾನ್ಯರೇ, ಆ ಪರೀಕ್ಷೆ ಸಂತ್ರಸ್ತೆಯ ಘನತೆಗೆ ಧಕ್ಕೆಯೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು 2022ರಲ್ಲಿ ತೀರ್ಪಿತ್ತಿದೆ.

ಸದಸ್ಯ 4: ಹಾಗಾದರೆ ಗಂಡಸರಿಗೆ ರಕ್ಷಣೆ ಎಲ್ಲಿದೆ?

ವಕೀಲೆ: ವಿಚಾರಣೆಯಲ್ಲಿದೆ. ಹೆಣ್ಣಿನ ದೇಹವನ್ನು ಅವಮಾನಿಸುವುದರಲ್ಲಿ ಇಲ್ಲ.

ಸದಸ್ಯ 5: ಎಫ್‌ಐಆರ್ ಬೇಕೇ ಬೇಡವೇ, ಸ್ಪಷ್ಟವಾಗಿ ಹೇಳಿ.

ವೈದ್ಯೆ: ಬೇಡ. ಮೇಲೆ ಓದಿ.

ಸದಸ್ಯ 4: ಆ ಹುಡುಗಿ ಯಾರೆಂದು ನನಗೆ ಗೊತ್ತು. ಊರು, ಕಾಲೇಜು ಎರಡನ್ನೂ ಕೆಳಗೆ ಹಾಕಿದ್ದೇನೆ, ನೋಡಿ.

ವೈದ್ಯೆ: ಕೂಡಲೇ ಅಳಿಸಿ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸದ ಅಪರಾಧ. ಅದು ಇಲ್ಲಿರುವವರೆಗೆ ನಾನು ಬೇರೆ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲ.