ಏರ್ ಬೆಡ್ ಹಾಕಿದರೂ ಬೆನ್ನ ಕೆಳಗೆ ಕೆಂಪಾಗಿದೆ, ಏನು ಮಾಡಲಿ?

ಪ್ರಶ್ನೆ (ಕಟಪಾಡಿಯಿಂದ): ಸಿಸ್ಟರ್, ನಮ್ಮ ಅತ್ತೆಗೆ 78 ವರ್ಷ. ಸ್ಟ್ರೋಕ್ ಆಗಿ ಮೂರು ತಿಂಗಳಿಂದ ಮಲಗಿದಲ್ಲೇ ಇದ್ದಾರೆ. ಏರ್ ಬೆಡ್ ಹಾಕಿದ್ದೇವೆ. ಆದರೂ ಸೊಂಟದ ಕೆಳಗೆ, ಮೂಳೆ ಇರುವಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಕೆಂಪಾಗಿದೆ. ಚರ್ಮ ಒಡೆದಿಲ್ಲ. ಪಕ್ಕದ ಮನೆಯವರು ತೆಂಗಿನೆಣ್ಣೆ ಹಾಕಿ ತಿಕ್ಕಿ ಅಂತಾರೆ. ತಿಕ್ಕಬಹುದಾ?

ಉತ್ತರ (ವೃದ್ಧರ ಆರೈಕೆಯ ನರ್ಸ್, ಮಂಗಳೂರು): ತಿಕ್ಕಬೇಡಿ ಮಾರಾಯ್ರೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತ ಓಡದೆ ನಲುಗಿದ ಜಾಗ ಅದು. ತಿಕ್ಕಿದರೆ ಒಳಗೆ ಇನ್ನೂ ಹಾಳಾಗುತ್ತದೆ. ಬೆರಳಿಂದ ಮೂರು ಸೆಕೆಂಡ್ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯ ರಕ್ತ ಓಡುತ್ತಿದೆ ಅಂತ. ಬೆಳ್ಳಗಾಗದಿದ್ದರೆ ಬೆಡ್ ಸೋರ್‌ನ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣಿನ) ಮೊದಲ ಹಂತ. ಮೈಬಣ್ಣ ಕಪ್ಪಿದ್ದರೆ ಕೆಂಪು ಕಾಣೋದೇ ಕಷ್ಟ. ಆಗ ಮುಟ್ಟಿ ನೋಡಬೇಕು, ಬಿಸಿಯಾಗಿ ಗಟ್ಟಿಯಾಗಿದೆಯಾ ಅಂತ.

ಏರ್ ಬೆಡ್ ಮೇಲೆ ಏನೇನು ಹಾಸಿದ್ದೀರಿ? ರಬ್ಬರ್ ಶೀಟು, ನಾಲ್ಕು ಮಡಿಕೆಯ ಬಟ್ಟೆ ಎಲ್ಲ ಹಾಕಿದರೆ ಬೆಡ್ಡಿನ ಪ್ರಯೋಜನ ಅರ್ಧ ಹೋಯಿತು. ತೆಳು ಬೆಡ್‌ಶೀಟ್ ಒಂದೇ ಸಾಕು, ಅದನ್ನೂ ಬಿಗಿಯಾಗಿ ಸಿಕ್ಕಿಸಬೇಡಿ. ಅವರ ಸೊಂಟದ ನೇರಕ್ಕೆ ಏರ್ ಬೆಡ್ಡಿನ ಅಡಿಗೆ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಮತ್ತೆ, ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ. ಪೂರ್ತಿ ಮಗ್ಗುಲಾಗಿ ಬೇಡ, ತೊಡೆ ಮೂಳೆಗೆ ಒತ್ತುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿ. ಜಾರಿದವರನ್ನು ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಇಬ್ಬರು ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಿ.

ಹಿಮ್ಮಡಿಯನ್ನೂ ನೋಡಿ. ನನ್ನ ಮೊದಲ ವರ್ಷದಲ್ಲಿ ಒಬ್ಬ ಅಜ್ಜನಿಗೆ ಚಳಿ ಅಂತ ಸಾಕ್ಸ್ ಹಾಕಿಯೇ ಇಟ್ಟಿದ್ದೆವು. ನಾಲ್ಕನೇ ದಿನ ಬಿಚ್ಚಿದರೆ ಹಿಮ್ಮಡಿ ನೇರಳೆ ಹಣ್ಣಿನ ಬಣ್ಣ! ತಪ್ಪು ನನ್ನದೇ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರಲಿ. ಉಂಗುರದ ಹಾಗಿರುವ ಗಾಳಿ ದಿಂಬು ಬೇಡ, ಅದು ಸುತ್ತಲಿನ ರಕ್ತ ತಡೆಯುತ್ತದೆ.

ಇನ್ನೊಬ್ಬರು: ಮಳೆಗಾಲದಲ್ಲಿ ನಮ್ಮಮ್ಮನಿಗೆ ಡೈಪರ್ ಹಾಕಿದ ಜಾಗ ಯಾವಾಗ್ಲೂ ಒದ್ದೆ. ಪೌಡರ್ ಜಾಸ್ತಿ ಹಾಕ್ತೇವೆ.

ಉತ್ತರ: ಪೌಡರ್ ಗಂಟುಕಟ್ಟಿ ಉಜ್ಜುತ್ತದೆ, ಬಿಡಿ. ಒದ್ದೆಯಾದ ಕೂಡಲೇ ಬದಲಿಸಿ. ತೊಳೆದು, ಬೈರಾಸಿನಿಂದ ಒರೆಸದೆ ಒತ್ತಿ ಒಣಗಿಸಿ, ಝಿಂಕ್ ಕ್ರೀಮ್ ತೆಳುವಾಗಿ ಸವರಿ. ಬರೀ ಗಂಜಿ ಕೊಡುತ್ತಿದ್ದರೆ ಜೊತೆಗೆ ಮೊಟ್ಟೆ, ಮೀನು, ತೊವ್ವೆ ಏನಾದರೂ ಇರಲಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ.

ಕಟಪಾಡಿಯವರು: ಒತ್ತಿ ನೋಡಿದೆ ಸಿಸ್ಟರ್. ಬೆಳ್ಳಗಾಗಲಿಲ್ಲ. ರಾತ್ರಿ ನಾನೂ ಗಂಡನೂ ಇಬ್ಬರೇ.

ಉತ್ತರ: ಹಾಗಾದರೆ ಇವತ್ತಿಂದ ಬೆನ್ನ ಮೇಲೆ ಮಲಗಿಸಲೇಬೇಡಿ. ಎಡ, ಬಲ ಅಷ್ಟೇ, ಎರಡು ಗಂಟೆಗೊಮ್ಮೆ. ಇಬ್ಬರೂ ಪಾಳಿ ಹಾಕಿಕೊಳ್ಳಿ, ಹೊತ್ತು ಬರೆದ ಚೀಟಿ ಗೋಡೆಗೆ ಅಂಟಿಸಿ. ಕೆಂಪಿನ ಸುತ್ತ ಪೆನ್ನಿಂದ ಗೆರೆ ಎಳೆದಿಡಿ. ನಾಳೆ ಗೆರೆ ದಾಟಿದ್ದರೆ, ಗುಳ್ಳೆ ಎದ್ದಿದ್ದರೆ, ಬಣ್ಣ ಕಪ್ಪಾಗಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಹೇಗಿದೆ ಅಂತ ಇಲ್ಲೇ ಬರೆಯಿರಿ.