ದ್ವೀಪದ ಬಂಡೆಗಳ ಚಿಪ್ಪುಜೀವಿ ಎಣಿಕೆ: ಜನರಿಂದಾದ ಪರಿಣಾಮ ಹಿಡಿಯೋದು ಹೇಗೆ?

ಗಂಗೋತ್ರಿ_ಪ್ರಾಣಿಶಾಸ್ತ್ರ (ಮೈಸೂರು):
ಡಿಸೆಂಬರ್‌ನಲ್ಲಿ ಎಂ.ಎಸ್ಸಿ. ಮಕ್ಕಳನ್ನು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯಬೇಕಿದೆ. ಪ್ರವಾಸಿಗಳು ಇಳಿಯುವ ಮಗ್ಗುಲು, ಯಾರೂ ಸುಳಿಯದ ಪಡುವಣ ಅಂಚು, ಎರಡೂ ಕಡೆ ಲಿಂಪೆಟ್ (ಬಂಡೆಗೆ ಅಂಟಿ ಕೂರುವ, ಟೋಪಿಯಾಕಾರದ ಚಿಪ್ಪಿನ ಜೀವಿ) ಎಣಿಸಿ ಅಳೆದರೆ ತುಳಿತ, ಕೀಳುವಿಕೆಯ ಪರಿಣಾಮ ತಿಳಿಯುತ್ತಾ?

ಉಬ್ಬರಇಳಿತ:
ಈ ಹೋಲಿಕೆ ನಿಲ್ಲಲ್ಲ ಸರ್. ದೋಣಿ ಕಟ್ಟೋದೇ ಅಲೆ ಕಮ್ಮಿ ಇರೋ ಕಡೆ. ಪಡುವಣ ಅಂಚಿಗೆ ಸಮುದ್ರ ನೇರ ಬಡಿಯುತ್ತೆ. ಚಿಪ್ಪಿನ ಗಾತ್ರ, ಸಂಖ್ಯೆ ಎರಡನ್ನೂ ಬದಲಿಸೋಕೆ ಅಲೆಯೊಂದೇ ಸಾಕು. ನೀವು ಅದನ್ನೇ ಜನರ ತಲೆಗೆ ಕಟ್ತೀರಿ. ಸೇಂಟ್ ಮೇರೀಸ್ ಸಾಲಿನಲ್ಲಿ ಪ್ರವಾಸಿ ದೋಣಿ ಹೋಗೋ ಕೋಕನಟ್ ಐಲ್ಯಾಂಡ್‌ಗೆ ಜೋಡಿಯಾಗಿ ಅದೇ ಸಾಲಿನ, ಜನ ಇಳಿಯದ ದ್ವೀಪ ಹಿಡೀರಿ. ಅದೇ ದಿಕ್ಕು, ಅದೇ ಇಳಿಜಾರು, ಎರಡರಲ್ಲೂ ಕನಿಷ್ಠ ಮೂರು ಜಾಗ. 50×50 ಸೆಂ.ಮೀ. ಪಿವಿಸಿ ಚೌಕಟ್ಟು ಸಾಕು. ಉಬ್ಬರ ಇಳಿತದ ನಡುವಿನ ಬಂಡೆಯ ಮೇಲು, ನಡು, ಕೆಳಪಟ್ಟಿಗೆ ತಲಾ 10 ಸಲ ಇಡಿ. ಅಳತೆ ಟೇಪ್ ಹಾಸಿ, ಮೊದಲೇ ಚೀಟಿ ಎತ್ತಿ ಬಂದ ಸಂಖ್ಯೆ ಟೇಪಿನಲ್ಲಿ ಎಲ್ಲಿದೆಯೋ ಅಲ್ಲೇ ಇಡಿ. ಹುಡುಗರಿಗೆ ಬಿಟ್ಟರೆ ಚಿಪ್ಪು ತುಂಬಿರೋ ಕಡೆಗೇ ಕೈ ಹೋಗುತ್ತೆ.

ಮಂಡ್ಯದ_ಮೇಷ್ಟ್ರು:
ಅಳೆಯೋಕೆ ಅಂತ ಲಿಂಪೆಟ್ ಕೀಳಬೇಡಿ. ಎಷ್ಟೋ ಲಿಂಪೆಟ್‌ಗಳ ಚಿಪ್ಪಿನ ಅಂಚು ತಾನು ಕೂರೋ ಬಂಡೆಯ ಏರುತಗ್ಗಿಗೆ ಸರಿಯಾಗಿ ಸವೆದಿರುತ್ತೆ. ಬೇರೆ ಕಡೆ ಇಟ್ಟರೆ ಸಂದು ಉಳಿದು ಒಣಗಿ ಸಾಯುತ್ತೆ. ಕೂತಲ್ಲೇ ವರ್ನಿಯರ್ ಕ್ಯಾಲಿಪರ್ ಹಿಡಿದು ಉದ್ದದ ಕಡೆ ಅಳೀರಿ. ಜಾಗಕ್ಕೆ 100ಕ್ಕಿಂತ ಕಮ್ಮಿ ಬೇಡ. ಬಿರುಕೊಳಗಿನ ಮರಿಗಳನ್ನು ಲೆನ್ಸ್ ಹಿಡಿದು ಹುಡುಕಿ, ಇಲ್ಲಾಂದ್ರೆ ಸರಾಸರಿ ಸುಳ್ಳೇ ಏರುತ್ತೆ.

ಸರಾಸರಿಗಿಂತ, ಪ್ರತಿ 2 ಮಿ.ಮೀ. ಗಾತ್ರಕ್ಕೆ ಎಷ್ಟು ಚಿಪ್ಪು ಅಂತ ತೋರಿಸೋ ನಕ್ಷೆಯೇ ಹೆಚ್ಚು ಮಾತಾಡುತ್ತೆ. ದೊಡ್ಡವಷ್ಟೇ ಮಾಯವಾಗಿದ್ರೆ ಆರಿಸಿ ಕಿತ್ತಿರೋ ಅನುಮಾನ. ಎಲ್ಲಾ ಗಾತ್ರದವೂ ವಿರಳವಾಗಿ, ಜೊತೆಗೆ ಬಾರ್ನಕಲ್ (ಬಂಡೆಗೆ ಅಂಟಿರೋ ಸಣ್ಣ ಗಟ್ಟಿ ಕವಚದ ಜೀವಿ) ಪುಡಿಯಾಗಿದ್ರೆ ತುಳಿತದ ಅನುಮಾನ. ಕ್ಯಾಲಿಫೋರ್ನಿಯಾದ ಲೊಟ್ಟಿಯಾ ಜೈಗ್ಯಾಂಟಿಯಾ ಅನ್ನೋ ಲಿಂಪೆಟ್ ಮೊದಲು ಗಂಡು, ಬೆಳೆದ ಮೇಲೆ ಹೆಣ್ಣು. ದೊಡ್ಡವನ್ನೇ ಕಿತ್ತರೆ ಹೆಣ್ಣುಗಳೇ ಖಾಲಿ. ಹವಾಯಿಯಲ್ಲಿ ಓಪಿಹಿ (ಅಲ್ಲಿ ತಿನ್ನೋ ಲಿಂಪೆಟ್) ಕೀಳೋಕೆ ಚಿಪ್ಪು 1¼ ಇಂಚು ಇರಲೇಬೇಕು ಅಂತ ನಿಯಮ ಇದೆ. ಹಾಗಂತ ಎಲ್ಲಾ ಲಿಂಪೆಟ್‌ಗೂ ಲಿಂಗ ಬದಲಾವಣೆ ಅಂಟಿಸಬೇಡಿ.

ಗಂಗೋತ್ರಿ_ಪ್ರಾಣಿಶಾಸ್ತ್ರ:
ಸರಿ, ಜೋಡಿ ದ್ವೀಪ ಹಿಡೀತೀವಿ. ದಿನ ಯಾವುದು ಇಟ್ಕೊಳ್ಳೋದು?

ಉಬ್ಬರಇಳಿತ:
ಅಮಾವಾಸ್ಯೆ ಇಲ್ಲಾ ಹುಣ್ಣಿಮೆ, ಅದರ ಮಾರನೆಯ ಎರಡು ದಿನ, ಆಗ ನೀರು ಹೆಚ್ಚು ಇಳಿಯುತ್ತೆ. ಮಂಗಳೂರು ಬಂದರಿನ ಉಬ್ಬರ ಇಳಿತದ ಕೋಷ್ಟಕ ನೋಡಿ. ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಇಳಿಯಲ್ಲ. ಪ್ರವಾಸಿ ದೋಣಿ ನಿಮ್ಮ ಇಳಿತಕ್ಕೆ ಕಾಯಲ್ಲ, ಬೇರೆ ದೋಣಿ, ಅನುಮತಿ ಮೊದಲೇ ಗೊತ್ತುಮಾಡಿ. ಇಳಿತಕ್ಕೆ ಎರಡು ಗಂಟೆ ಮುಂಚೆ ಮೇಲಿನ ಪಟ್ಟಿಯಿಂದ ಶುರು ಮಾಡಿ, ನೀರಿನ ಹಿಂದೆ ಇಳೀರಿ.

ಮಂಡ್ಯದ_ಮೇಷ್ಟ್ರು:
ಹೊರಡೋ ಮುಂಚೆ ಶ್ರೀರಂಗಪಟ್ಟಣದ ಕಾವೇರಿ ಬಂಡೆ ಮೇಲೆ ಒಂದು ಬೆಳಿಗ್ಗೆ ಚೌಕಟ್ಟು ಇಟ್ಟು ಕೈ ಪಳಗಿಸಿ. ಒಂದೇ 20 ಬಸವನಹುಳುಗಳನ್ನು ಇಬ್ಬಿಬ್ಬರು ಅಳೀಲಿ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರೋ ಜೋಡಿಗೆ ದ್ವೀಪದಲ್ಲಿ ಅಳೆಯೋದರ ಬದಲು ಬರೆಯೋ ಕೆಲಸ ಕೊಡಿ.